ಕೆಳಗಿನ ಲೇಯರ್

ಆ ಮರದ ರೀಪಿನ ಪೆಟ್ಟು ಬಿದ್ದದ್ದು ನನ್ನ ಎಡಭುಜಕ್ಕೆ. ನನ್ನ ತಮ್ಮ ಕಮಲೇಶ ಗುರಿಯಿಟ್ಟದ್ದು ಅವನ ಹೆಂಡತಿ ತೃಷಾಳ ತಲೆಗೆ. ನಾನು ನಡುವೆ ಹೋದೆ, ಅಷ್ಟೆ. ಎಲುಬು ಬಿರುಕು ಬಿಟ್ಟಿದೆ ಎಂದು ಡಾಕ್ಟರು ಕೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದಾರೆ. ಬಲಗೈ ಉಳಿದದ್ದು ಪುಣ್ಯ, ಇಲ್ಲದಿದ್ದರೆ ಮೌಸ್ ಹಿಡಿಯಲಿಕ್ಕೂ ಇಲ್ಲ, ಕ್ಯಾಮರಾ ಒತ್ತಲಿಕ್ಕೂ ಇಲ್ಲ.

ಅದು ನಡೆದದ್ದು ನಮ್ಮ ತಂಗಿ ಪ್ರಾಪ್ತಿಯ ಮೆಹಂದಿಯ ದಿನ, ಕಾಟಿಪಳ್ಳದ ಅಮ್ಮನ ಮನೆಯ ಗೇಟಿನ ಎದುರು, ಗಂಡಿನ ಕಡೆಯವರೆಲ್ಲ ಶರಬತ್ತು ಹಿಡಿದುಕೊಂಡು ನೋಡುತ್ತಿರುವಾಗ. ಕಾರಣ ಒಂದು ಫ್ಲೆಕ್ಸ್. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಫ್ಲೆಕ್ಸಿನಲ್ಲಿ ಇಲ್ಲದೆ ಹೋದ ಒಂದು ಲೇಯರ್.

ನನ್ನ ಹೆಸರು ಕುಶಲಾ. ಕುಲಶೇಖರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್, ಹುಟ್ಟುಹಬ್ಬದ ಫ್ಲೆಕ್ಸ್, ಸತ್ತವರ ಶ್ರದ್ಧಾಂಜಲಿ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಮಧ್ಯಾಹ್ನದ ಮೇಲೆ ಗಿರಾಕಿ ಕಡಿಮೆ ಇರುವಾಗ ಫೋಟೋಶಾಪ್ ಕಲಿಸುತ್ತೇನೆ. ಬಾಯಿ ಜೋರು ಎಂದು ಅರ್ಧ ಜನ ಓಡಿಹೋಗುತ್ತಾರೆ. ತೀರಿಹೋಗುವ ತನಕ ಮೀನು ಮಾರಿ ಮೂವರನ್ನು ಸಾಕಿದ ಹೆಂಗಸಿನ ಮಗಳು ನಾನು. ಬಾಯಿ ಜೋರಿಲ್ಲದೆ ಇನ್ನೇನು?

ತೃಷಾ ಓಡಿಹೋಗಲಿಲ್ಲ. ಕಾಟಿಪಳ್ಳದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳಿಗೆ ಒಂದು ಕೆಲಸ ಬೇಕಿತ್ತು, ಸ್ವಂತದ ಕೆಲಸ. ಅವಳ ತವರು ಗಂಗೊಳ್ಳಿ ಕಡೆ. ಅಪ್ಪ ಅಮ್ಮ ಇಲ್ಲ, ಅಣ್ಣನದೇ ದರ್ಬಾರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅವನು ಮದುವೆಯ ಮಾರನೆಯ ದಿನವೇ ಹೇಳಿದ್ದನಂತೆ. ನಮ್ಮ ಜನರಲ್ಲಿ ಕುಲವೂ ಮನೆಯೂ ಹೆಣ್ಣಿನ ಕಡೆಯಿಂದ ಹೋಗುತ್ತಿದ್ದದ್ದು. ಆ ಮೂರ್ಖನಿಗೆ ಯಾರೋ ಬೇರೆ ಊರಿನ ಗಾದೆ ಕಲಿಸಿದ್ದಾರೆ.

"ಅಕ್ಕ, ಈ ಲೇಯರ್ ಅಂದ್ರೆ ಎಂತ? ವಿಡಿಯೋ ನೋಡಿದ್ರೂ ತಲೆಗೆ ಹೋಗುವುದಿಲ್ಲ" ಎಂದು ಮೊದಲ ದಿನ ಕೇಳಿದಳು.

"ನಿನ್ನ ಅತ್ತೆ ಮೀನಿನ ಬುಟ್ಟಿ ತುಂಬಿಸ್ತಿದ್ದದ್ದು ನೋಡಿದ್ದಿಯಲ್ಲ?"

"ನೋಡಿದ್ದೇನೆ."

"ಕೆಳಗೆ ನಿನ್ನೆಯ ಬಂಗುಡೆ. ಅದರ ಮೇಲೆ ಐಸು. ಐಸಿನ ಮೇಲೆ ಇವತ್ತಿನ ಬಂಗುಡೆ. ಮೇಲಿಂದ ನೋಡಿದವರಿಗೆ ಇಡೀ ಬುಟ್ಟಿಯೇ ಇವತ್ತಿನದ್ದು. ಅದೇ ಮಾರಾಯ್ತಿ ಲೇಯರ್."

ತೃಷಾ ನಕ್ಕಳು. ಬಾಯಿಯ ಒಂದು ಬದಿಯಿಂದ ಮಾತ್ರ ನಕ್ಕಳು. ಹಲ್ಲುನೋವು ಇರಬೇಕು ಎಂದುಕೊಂಡೆ.

"ಎಲ್ಲಕ್ಕಿಂತ ಕೆಳಗೆ ಬ್ಯಾಕ್‌ಗ್ರೌಂಡ್ ಅಂತ ಉಂಟಲ್ಲ, ಅದು ಕ್ಯಾಮರಾ ಕೊಟ್ಟದ್ದು. ಬೀಗದ ಗುರುತು ಉಂಟು ನೋಡು. ಅದಕ್ಕೆ ಕೈ ಹಾಕ್ಬೇಡ. ಎಂತ ಮಾಡುವುದಿದ್ರೂ ಹೊಸ ಲೇಯರ್ ತೆಗೆದು ಅದರಲ್ಲಿ ಮಾಡು. ಬದಿಯಲ್ಲಿ ಕಣ್ಣಿನ ಚಿತ್ರ ಉಂಟಲ್ಲ, ಒತ್ತು. ಲೇಯರ್ ಮಾಯ. ಇನ್ನೊಮ್ಮೆ ಒತ್ತು. ಹಾಜರ್."

ಅವಳು ಒತ್ತಿದಳು. ಸ್ಕ್ರೀನಿನಲ್ಲಿದ್ದ ಹುಡುಗನ ಮೊಡವೆ ಬಂತು, ಹೋಯಿತು, ಪುನಃ ಬಂತು.

"ಮೇಲೆ ಎಷ್ಟು ಮುಚ್ಚಿದ್ರೂ ಕೆಳಗಿನದ್ದು ಹಾಳಾಗುವುದಿಲ್ವಾ ಅಕ್ಕ?"

"ಇಲ್ಲ. ಇದ್ದ ಹಾಗೆಯೇ ಇರ್ತದೆ."

"ಅಳಿಸಿಯೇ ಹೋಗುವುದು ಯಾವಾಗ?"

"ಎಲ್ಲ ಸೇರಿಸಿ ಒಂದೇ ಮಾಡಿ ಸೇವ್ ಮಾಡಿದ್ರೆ ಹೋಯ್ತು. ಆಮೇಲೆ ದೇವರು ಬಂದ್ರೂ ಸಿಕ್ಕಲಿಕ್ಕಿಲ್ಲ. ಮತ್ತೆ ಇನ್ನೊಂದು ಮಾತು. ಪ್ರತಿ ಲೇಯರಿಗೆ ಹೆಸರು ಕೊಡ್ಬೇಕು. ಹೆಸರಿಲ್ಲದ ಲೇಯರ್ ಅಂದ್ರೆ ಬೀದಿನಾಯಿ, ಯಾರು ಬೇಕಾದ್ರೂ ಕಲ್ಲು ಹೊಡೀಬಹುದು."

ಎಲ್ಲವನ್ನೂ ಬೇಗ ಕಲಿತಳು. ಹೆಸರು ಕೊಡುವುದನ್ನು ಮಾತ್ರ ಕಲಿಯಲಿಲ್ಲ.

ಕಮಲೇಶನ ಬಗ್ಗೆ ಹೇಳಬೇಕು. ಪಣಂಬೂರಿನ ಬಂದರಿನಲ್ಲಿ ಲೋಡಿಂಗ್ ಮಾಡಿಸುವ ಕಂತ್ರಾಟುದಾರನ ಕೈಕೆಳಗೆ ಸೂಪರ್‌ವೈಸರ್. ಊರಿನ ಯುವಕ ಮಂಡಲದ ಕಾರ್ಯದರ್ಶಿ. ಯಾರಿಗೆ ರಕ್ತ ಬೇಕು, ಯಾರ ಹೆಣ ಎತ್ತಬೇಕು, ಮೊದಲು ಓಡುವವನು ಅವನು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ಇದೆಯಲ್ಲ, ಅದರ ಎರಡನೆಯ ಅರ್ಧವನ್ನು ಮಾತ್ರ ನಾನು ನೋಡಿದ್ದೆ. ಸಿಟ್ಟು ಜಾಸ್ತಿ ಎಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಯಾರಿಗೆ ಸಿಟ್ಟು ಕಡಿಮೆ ಇತ್ತು?

ಪ್ರಾಪ್ತಿಯ ಮದುವೆಗೆ ಹದಿನೈದು ದಿನ ಇರುವಾಗ, ಒಂದು ಶನಿವಾರ ಸಂಜೆ, ಅವನು ತೃಷಾಳನ್ನು ಕರೆದುಕೊಂಡು ಹೋಗಲು ಸ್ಟುಡಿಯೋಕ್ಕೆ ಬಂದ. ಅವಳ ಫೋನು ಬ್ಯಾಗಿನಲ್ಲಿ ಸದ್ದಿಲ್ಲದೆ ಬಿದ್ದಿತ್ತು. ಅವಳು ಒಂದು ಕೂದಲಿನ ಅಂಚು ಕತ್ತರಿಸುವುದರಲ್ಲಿ ಮುಳುಗಿದ್ದಳು.

"ಎಷ್ಟು ಸಲ ಫೋನ್ ಮಾಡುವುದು ನಿನಗೆ?"

ಅವಳು ತಿರುಗುವ ಮೊದಲೇ ಅವನು ಕೀಬೋರ್ಡನ್ನು ಎತ್ತಿ ಮೇಜಿಗೆ ಅಪ್ಪಳಿಸಿದ. ಕೀಗಳು ಹಲ್ಲಿನ ಹಾಗೆ ಉದುರಿದವು. ಚಹಾದ ಗ್ಲಾಸು ಗೋಡೆಗೆ ಹೋಗಿ ಒಡೆಯಿತು. ಬ್ಯೂಟಿ ಪಾರ್ಲರಿನ ರೊಸಾಲಿನ್ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದು ಸ್ಟೂಲಿನ ಮೇಲೆ ಕೂತಿದ್ದಳು, ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದೆ. ಅಂಗೈ ಉರಿಯುವ ಹಾಗೆ ಬಾರಿಸಿದೆ.

"ನನ್ನ ಅಂಗಡಿಯಲ್ಲಿ ನಿನ್ನ ಪೌರುಷ ಬೇಡ. ಹೊರಗೆ ಹೋಗು."

ಅವನು ಕೆನ್ನೆ ಸವರಿಕೊಂಡು ನಕ್ಕ. "ಆಯ್ತು ಅಕ್ಕ" ಎಂದ. ತೃಷಾ ಬ್ಯಾಗು ಎತ್ತಿಕೊಂಡು ಅವನ ಹಿಂದೆ ಹೋದಳು. ನೆಲದಲ್ಲಿ ಬಿದ್ದಿದ್ದ ಕೀಗಳನ್ನು ಹೆಕ್ಕುತ್ತಾ ನನಗೆ ನನ್ನ ಕೈಯ ಮೇಲೆ ಹೆಮ್ಮೆ ಅನಿಸಿತು. ಹಿರಿಯಕ್ಕ ಎಂದರೆ ಹೀಗಿರಬೇಕು ಎಂದುಕೊಂಡೆ.

ಸೋಮವಾರ ತೃಷಾ ಬರಲಿಲ್ಲ. ಜ್ವರ ಎಂದು ಫೋನು ಮಾಡಿದಳು. ಆ ವಾರ ಪೂರ್ತಿ ಜ್ವರ. ನಾನು ಅಭ್ಯಾಸಕ್ಕೆಂದು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಮನೆಯಲ್ಲೇ ಕೂತು ಮೆಹಂದಿಯ ಫ್ಲೆಕ್ಸ್ ಡಿಸೈನು ಮಾಡಿ ಕಳುಹಿಸಿದಳು. ಈಗ ನಮ್ಮ ಕಡೆ ಫ್ಲೆಕ್ಸ್ ಇಲ್ಲದ ಮೆಹಂದಿ ಇಲ್ಲ. ಗೇಟಿನ ಪಕ್ಕ ಹತ್ತಡಿಯ ಫ್ಲೆಕ್ಸಿನಲ್ಲಿ ಇಡೀ ಕುಟುಂಬ ಹಲ್ಲು ಕಿರಿದು ನಿಂತಿರಬೇಕು. ಫೋಟೋ ತೆಗೆದದ್ದು ಕಮಲೇಶನ ಗೆಳೆಯ ದೀಪೇಶ್, ಆ ಶನಿವಾರದ ಮರುದಿನ. ಭಾನುವಾರ ನನಗೆ ಬೇರೆ ಮದುವೆ ಇತ್ತು. ನಡುವೆ ಪ್ರಾಪ್ತಿ, ಬಲಕ್ಕೆ ಕಮಲೇಶ, ಅವನ ಪಕ್ಕ ತೃಷಾ. ಅಲ್ಲಿ ಇರದ ನನ್ನನ್ನು ಯಾವುದೋ ಹಳೆಯ ಫೋಟೋದಿಂದ ಕತ್ತರಿಸಿ ತಂದು ಎಡಕ್ಕೆ ನಿಲ್ಲಿಸಿದ್ದಳು. ನೆರಳು ಕೂಡ ಸರಿಯಾಗಿ ಬಿದ್ದಿತ್ತು. ತೃಷಾಳ ಮುಖ ಬೆಣ್ಣೆಯ ಹಾಗೆ ನುಣ್ಣಗಿತ್ತು.

ನಾನು ಖುಷಿಯಲ್ಲಿ ಫೋನು ಮಾಡಿದೆ. "ಭಾರೀ ಲಾಯ್ಕ ಆಗಿದೆ. ಆದ್ರೆ ಇದೆಂತ, ಲೇಯರ್ ತ್ರೀ, ಲೇಯರ್ ತ್ರೀ ಕಾಪಿ? ಹೆಸರು ಕೊಡ್ಲಿಕ್ಕೆ ಎಂತ ರೋಗ ನಿನಗೆ?"

"ಎಂತ ಹೆಸರು ಕೊಡುವುದು ಅಕ್ಕ ಅದಕ್ಕೆ?" ಎಂದಳು. ಆಮೇಲೆ, "ಎಲ್ಲ ಸೇರಿಸಿ ಒಂದೇ ಮಾಡಿ ಕಳಿಸ್ಲಾ?" ಎಂದು ಕೇಳಿದಳು.

"ಬೇಡ. ಉಸ್ಮಾನ್ ಓಪನ್ ಫೈಲೇ ಕೇಳುವುದು. ಸೈಜು ಬದಲಿಸ್ಲಿಕ್ಕೆ ಅವನಿಗೆ ಸುಲಭ."

ಉಸ್ಮಾನ್ ಸುರತ್ಕಲ್ಲಿನ ಫ್ಲೆಕ್ಸ್ ಪ್ರಿಂಟಿನವನು. ಒಳ್ಳೆಯ ಮನುಷ್ಯ. ಆದರೆ ಮದುವೆ ಸೀಸನಿನಲ್ಲಿ ಅವನು ಮುಖ ನೋಡುವುದಿಲ್ಲ, ಅಡಿ ಮಾತ್ರ ನೋಡುತ್ತಾನೆ. ಆಮೇಲೆ ಅವನೇ ಹೇಳಿದ್ದು: ಫೈಲು ಭಾರ ಇತ್ತು, ಅವನ ಕಂಪ್ಯೂಟರು ಎರಡೆರಡು ಸಲ ಹ್ಯಾಂಗ್ ಆಯಿತು. ಹೆಸರಿಲ್ಲದ ಸಣ್ಣ ಲೇಯರುಗಳನ್ನು ಕಂಡು ಕಲಿಯುವವರ ಕಸ ಎಂದುಕೊಂಡು ಅವುಗಳ ಕಣ್ಣು ಮುಚ್ಚಿ ಪ್ರಿಂಟ್ ಕೊಟ್ಟ.

ಮೆಹಂದಿಯ ದಿನ ಸಂಜೆ ನಾನು ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಕಾಟಿಪಳ್ಳಕ್ಕೆ ಬಂದಾಗ ದೀಪೇಶ್ ಮತ್ತು ಮಂಡಲದ ಇನ್ನಿಬ್ಬರು ಮರದ ರೀಪುಗಳ ಚೌಕಟ್ಟಿಗೆ ಮೊಳೆ ಹೊಡೆದು, ಕವುಚಿ ಹಾಕಿದ್ದ ಫ್ಲೆಕ್ಸನ್ನು ಎತ್ತಿ ನಿಲ್ಲಿಸುತ್ತಿದ್ದರು. ಗಂಡಿನ ಕಡೆಯವರ ವ್ಯಾನು ಅದೇ ಹೊತ್ತಿಗೆ ಬಂತು. ಎಲ್ಲರೂ ಇಳಿದು ಗೇಟಿನ ಬಳಿ ಕೊಟ್ಟ ಶರಬತ್ತು ಕೈಗೆತ್ತಿಕೊಂಡರು. ಎಲ್ಲರೂ ತಲೆಯೆತ್ತಿ ನೋಡಿದರು.

ಫ್ಲೆಕ್ಸಿನಲ್ಲಿ ತೃಷಾಳ ಎಡಗಣ್ಣು ಇರಲಿಲ್ಲ. ಅಲ್ಲಿ ಕಪ್ಪು ನೇರಳೆ ಬಣ್ಣದ ಒಂದು ಮಾಂಸದ ಗಡ್ಡೆ ಇತ್ತು, ನಡುವೆ ಒಂದು ಗೆರೆ. ಕೆನ್ನೆಯ ಎಲುಬಿನ ಮೇಲೆ ಚರ್ಮ ಒಡೆದು ಹಕ್ಕಳೆ ಕಟ್ಟಿತ್ತು. ತುಟಿ ಒಂದು ಬದಿಗೆ ಊದಿಕೊಂಡಿತ್ತು. ಅಂಥ ಮುಖದಲ್ಲಿ ಅವಳು ನಗುತ್ತಿದ್ದಳು, ಯಾರೋ ನಗು ಎಂದು ಹೇಳಿದ್ದಕ್ಕೆ. ಪಕ್ಕದಲ್ಲಿ ಕಮಲೇಶ ಬಿಳಿ ಅಂಗಿ ಹಾಕಿ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ.

ನೋಡುವುದೇ ಕಸುಬಾದ ನಾನು ಇಷ್ಟು ದಿನ ಏನು ನೋಡುತ್ತಿದ್ದೆ?

ಗಂಡಿನ ಸೋದರಮಾವ ತಾರಾನಾಥರು ಮುಂದೆ ಬಂದರು. ಅವರ ಮಾತೇ ಆ ಮನೆಯಲ್ಲಿ ಕೊನೆಯ ಮಾತು. "ಇದೆಂತ ಮಾರಾಯ್ರೆ? ಈ ಹುಡುಗಿಯ ಕಣ್ಣಿಗೆ ಎಂತ ಆದದ್ದು?"

ಕಮಲೇಶ ಜೋರಾಗಿ ನಕ್ಕ. "ಅದು ಎಡಿಟಿಂಗ್ ಮಿಸ್ಟೇಕ್! ಇವಳು ಕಂಪ್ಯೂಟರ್ ಕಲಿತಿದ್ದಾಳೆ, ಕಲಿತದ್ದು ಹೆಚ್ಚಾಗಿ ಹೀಗೆ ಮಾಡಿಟ್ಟಿದ್ದಾಳೆ. ಅಲ್ವಾ ಅಕ್ಕ? ನೀನೇ ಕಲಿಸಿದ್ದಲ್ವಾ? ಹೇಳು ಇವರಿಗೆ."

ನಗುತ್ತಲೇ ಅವನು ತೃಷಾಳ ಮಣಿಕಟ್ಟು ಹಿಡಿದಿದ್ದ. ಅವಳ ಹಸಿರು ಗಾಜಿನ ಬಳೆಗಳು ಒಂದೊಂದಾಗಿ ಒಡೆದು ಅಂಗಳದ ಇಂಟರ್‌ಲಾಕ್ ಕಲ್ಲುಗಳ ಮೇಲೆ ಬಿದ್ದವು. ಅವಳ ಮುಖದಲ್ಲಿ ದಪ್ಪ ಪೌಡರು ಇತ್ತು. ಅದರ ಕೆಳಗೆ ಹಳದಿ ಛಾಯೆ ಇತ್ತು, ಈಗ ನನಗೆ ಕಂಡಿತು.

ಎಲ್ಲರೂ ನನ್ನನ್ನು ನೋಡಿದರು. ಹೌದು ಎಂದರೆ ಸಾಕು, ಎಲ್ಲರೂ ನಕ್ಕು ಒಳಗೆ ಹೋಗುತ್ತಾರೆ, ನಾಳೆ ಮದುವೆ ಆಗುತ್ತದೆ. ತೃಷಾ ಈ ಮನುಷ್ಯನ ಜೊತೆ ಕೋಣೆಯೊಳಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತದೆ. ಅಲ್ಲ ಎಂದರೆ ನನ್ನ ತಂಗಿಯ ಮದುವೆಯನ್ನು ನಾನೇ ಮುರಿದ ಹಾಗೆ. ಜಗಲಿಯ ಕಡೆ ನೋಡಿದೆ. ಪ್ರಾಪ್ತಿ ಹಸಿ ಮೆಹಂದಿಯ ಕೈಗಳನ್ನು ಎದುರಿಗೆ ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನನ್ನ ಕಣ್ಣು ತಪ್ಪಿಸಿದಳು. ಅವಳಿಗೆ ಗೊತ್ತಿತ್ತು. ದೀಪೇಶನಿಗೂ ಗೊತ್ತಿತ್ತು, ಕ್ಯಾಮರಾ ಹಿಡಿದವನು ಅವನೇ ತಾನೆ? ಮದುವೆ ಮುಗಿಯಲಿ ಎಂದು ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು. ತೃಷಾ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಹತ್ತಡಿಯ ತನ್ನ ಮುಖವನ್ನೇ ನೋಡುತ್ತಿದ್ದಳು.

"ಎಡಿಟಿಂಗ್ ಮಾಡಿದ್ದು ಹೌದು" ಎಂದೆ. ಕಮಲೇಶನ ಹಿಡಿತ ಸಡಿಲವಾಯಿತು.

"ಆದ್ರೆ ಇದಲ್ಲ. ಇದು ಕ್ಯಾಮರಾ ತೆಗೆದ ಫೋಟೋ. ಎಡಿಟ್ ಮಾಡಿದ್ದು ಇದರ ಮೇಲೆ ಇತ್ತು. ಪ್ರಿಂಟಿನವರಿಗೆ ಗೊತ್ತಾಗದೆ ಅದು ಹೋಗಿದೆ, ಕೆಳಗಿನದ್ದು ಹೊರಗೆ ಬಂದಿದೆ. ಅವಳ ಮುಖ ಹೀಗೇ ಇತ್ತು. ಮಾಡಿದವನು ಅವಳ ಪಕ್ಕದಲ್ಲೇ ನಿಂತಿದ್ದಾನೆ ನೋಡಿ. ಅಲ್ಲಿಯೂ, ಇಲ್ಲಿಯೂ."

ಅವನು ನನ್ನ ಕಡೆ ಬರಲಿಲ್ಲ. ತೃಷಾಳ ಕೂದಲು ಹಿಡಿದು ಅವಳ ತಲೆಯನ್ನು ಗೇಟಿನ ಕಬ್ಬಿಣಕ್ಕೆ ಹೊಡೆದ. ಸದ್ದು ಕೇಳಿ ಒಂದು ಮಗು ಕಿರುಚಿತು. ಹುಬ್ಬು ಒಡೆದು ರಕ್ತ ಅವಳ ಕಣ್ಣಿಗೆ ಇಳಿಯಿತು. ಎರಡನೆಯ ಸಲ ಹೊಡೆಯುವ ಮೊದಲು ನಾನು ಅವನ ಕುತ್ತಿಗೆಗೆ ಜೋತುಬಿದ್ದೆ, ಕಿವಿ ಕಚ್ಚಿದೆ, ಉಪ್ಪುಪ್ಪು ರುಚಿ ಬಾಯಿಗೆ ಬಂತು. ಅವನು ನನ್ನನ್ನು ಕೊಡವಿ ಎಸೆದು ಚೌಕಟ್ಟಿನಿಂದ ಒಂದು ರೀಪು ಕಿತ್ತ. ಮೊಳೆಗಳ ಸಮೇತ ಬಂತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗೆ ಕೂತಿದ್ದ ತೃಷಾಳ ತಲೆಗೆ ಬೀಸಿದ. ಆಗಲೇ ನಾನು ನಡುವೆ ಹೋದದ್ದು. ನನ್ನ ಎಲುಬಿನ ಸದ್ದು ನನಗೇ ಕೇಳಿಸಿತು.

ಅವನು ಪುನಃ ಎತ್ತಿದ. ಗಂಡಸರು ಶರಬತ್ತಿನ ಗ್ಲಾಸು ಹಿಡಿದುಕೊಂಡು ನಿಂತೇ ಇದ್ದರು. ಗಂಡ ಹೆಂಡತಿಯ ವಿಷಯ ಎಂದು ಯಾರೋ ಹೇಳಿದ್ದೂ ಕೇಳಿಸಿತು. ಜಗಲಿಯಿಂದ ಓಡಿಬಂದದ್ದು ಪ್ರಾಪ್ತಿ. ಹಿಂದಿನಿಂದ ಅವನ ಸೊಂಟ ತಬ್ಬಿ ಹಿಡಿದಳು. ಅವನು ಮೊಣಕೈಯಲ್ಲಿ ಅವಳ ಬಾಯಿಗೆ ಗುದ್ದಿದ. ಅವಳು ಬಿಡಲಿಲ್ಲ. ಮದುಮಗಳ ಬಾಯಲ್ಲಿ ರಕ್ತ ಕಂಡ ಮೇಲೆ ತಾರಾನಾಥರಿಗೆ ಎಚ್ಚರವಾಯಿತು. ಅವರೂ ದೀಪೇಶನೂ ಇನ್ನಿಬ್ಬರೂ ಮುಗಿಬಿದ್ದು ಅವನನ್ನು ನೆಲಕ್ಕೆ ಒತ್ತಿದರು. ಅವನ ಬಿಳಿ ಅಂಗಿಯ ತುಂಬ ಪ್ರಾಪ್ತಿಯ ಬೆರಳುಗಳ ಕೆಂಚು ಗುರುತು.

"ಕೊಲ್ತೇನೆ ನಿನ್ನನ್ನು" ಎಂದು ಅವನು ಕೆನ್ನೆ ನೆಲಕ್ಕೆ ತಾಗಿದ್ದಲ್ಲಿಂದಲೇ ಕೂಗಿದ. "ಮದುವೆ ಮುಗಿಯಲಿ, ಕೊಲ್ಲದೆ ಬಿಡುವುದಿಲ್ಲ!"

ತೃಷಾ ಗೇಟು ಹಿಡಿದುಕೊಂಡು ಎದ್ದಳು. ಮುಖದ ಅರ್ಧ ಭಾಗ ರಕ್ತ. "ಇನ್ನೊಮ್ಮೆ ಹೇಳಿ" ಎಂದಳು. "ಇಷ್ಟು ದಿನ ಕೋಣೆಯೊಳಗೆ ಹೇಳ್ತಿದ್ರಲ್ಲ, ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿ."

ಆ ರೀಪು ನನ್ನ ಕಾಲಬುಡದಲ್ಲಿ ಬಿದ್ದಿತ್ತು. ಬಲಗೈಯಲ್ಲಿ ಎತ್ತಿಕೊಂಡೆ. ಸುಳ್ಳು ಯಾಕೆ ಹೇಳಲಿ, ಮೊಳೆ ಇರುವ ಬದಿಯನ್ನು ಕೆಳಗೆ ಮಾಡಿ ಹಿಡಿದೆ. ಅವನ ತಲೆ ಅಲ್ಲೇ ಇತ್ತು. ನಾನೇ ಎತ್ತಿ ಆಡಿಸಿದ ತಲೆ. ತೃಷಾ ನನ್ನ ಮಣಿಕಟ್ಟು ಹಿಡಿದಳು.

"ಬೇಡ ಅಕ್ಕ. ನಿಮ್ಮ ಪೆಟ್ಟು ಪುನಃ ನನಗೇ ಬರ್ತದೆ."

"ಎಂತ ಹೇಳ್ತಿ ನೀನು?"

ಅವಳು ಒಡೆದ ಬಳೆಯ ಕೈಯಿಂದ ಫ್ಲೆಕ್ಸ್ ತೋರಿಸಿದಳು. "ಆ ಶನಿವಾರ ಸ್ಟುಡಿಯೋದಲ್ಲಿ ನೀವು ಅವರ ಕೆನ್ನೆಗೆ ಹೊಡೆದದ್ದು ಉಂಟಲ್ಲ. ಅದೇ ಇದು. ಮನೆಗೆ ಬಂದ ಕೂಡಲೇ ಕೊಟ್ರು. 'ನಿನ್ನಿಂದ ಅಕ್ಕನ ಕೈಯಲ್ಲಿ ಪೆಟ್ಟು ತಿಂದೆ' ಅಂತ. ಮರುದಿನ ಫೋಟೋಕ್ಕೆ ನಿಲ್ಲಿಸಿ, 'ಕಲಿತದ್ದು ಎಂತಕ್ಕೆ, ಕ್ಲೀನ್ ಮಾಡು' ಅಂದ್ರು."

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ನಾವು ನಗಾಡುವುದುಂಟು. ಆ ಕೊತ್ತಿ ಎದುರಿಗೆ ನಿಂತು ರಕ್ತ ಒರಸಿಕೊಂಡು ಮಾತಾಡಿದಾಗ ನನ್ನ ಕೈಯಿಂದ ರೀಪು ತಾನಾಗಿಯೇ ಜಾರಿತು.

ಪೊಲೀಸರಿಗೆ ಫೋನು ಮಾಡಿದವಳು ಪ್ರಾಪ್ತಿ. ಮೆಹಂದಿ ಕೆಟ್ಟ ಬೆರಳಿನಲ್ಲಿ ಒತ್ತಿದಳು. ಅವರು ಬಂದು ಕಮಲೇಶನನ್ನು ಜೀಪಿಗೆ ಹತ್ತಿಸಿದರು. ಗಂಡಿನ ಕಡೆಯ ಅರ್ಧ ಜನ ಊಟ ಮಾಡದೆ ವ್ಯಾನು ಹತ್ತಿದರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ತೃಷಾ ಅಳಲಿಲ್ಲ. ಮುಗಿದ ಮೇಲೆ ಅತ್ತಳು. "ನಾನು ಇನ್ನು ಎಲ್ಲಿಗೆ ಹೋಗುವುದು ಅಕ್ಕ?"

"ಎಲ್ಲಿಗೂ ಇಲ್ಲ. ಅಮ್ಮ ಮೀನು ಮಾರಿ ಕಟ್ಟಿದ ಮನೆ ಅದು. ಹೆಣ್ಣುಮಕ್ಕಳಿಗೇ ಅಂತ ನಮ್ಮಿಬ್ಬರ ಹೆಸರಿಗೆ ಮಾಡಿ ಹೋಗಿದ್ದಾರೆ. ಅವನು ಅಲ್ಲಿ ಇದ್ದದ್ದು ನಾವು ಇರು ಅಂದದ್ದಕ್ಕೆ. ಇನ್ನು ಬೇಡ ಅಂತೇವೆ. ಹೋಗುವುದು ಅವನು."

"ಮತ್ತೆ ಬಂದ್ರೆ?"

"ಬೀಗ ಬದಲಿಸ್ತೇನೆ. ಜಾಮೀನು ಸಿಕ್ಕಿದ್ರೆ ಮಂಡಲದ ಆಫೀಸಿನಲ್ಲಿ ಮಲಗಲಿ. ಊರಿಗೆ ಉಪಕಾರಿ ಅಲ್ವಾ, ಊರೇ ಸಾಕಲಿ."

ಮದುಮಗ ಶೈಲೇಶ್ ಆಸ್ಪತ್ರೆಗೆ ಬಂದಿದ್ದ. ಪ್ರಾಪ್ತಿ ಊದಿದ ತುಟಿಯಲ್ಲೇ ಅವನಿಗೆ ಹೇಳಿದಳು, "ಅತ್ತಿಗೆ ಮಂಟಪಕ್ಕೆ ಬಂದ್ರೆ ಮಾತ್ರ ನಾನು ಬರುವುದು. ನಿಮ್ಮ ಮನೆಯವರಿಗೆ ನಾಚಿಕೆ ಆಗುವುದಾದ್ರೆ ಈಗಲೇ ಹೇಳಿ." ಅವನು ತಲೆ ಕೆರೆದುಕೊಂಡು, "ಬರ್ಲಿ" ಎಂದ. ಮದುವೆ ಆಯಿತು. ಅವನ ಅಪ್ಪ ಫೋಟೋಕ್ಕೆ ಸ್ಟೇಜು ಹತ್ತಲಿಲ್ಲ. ಹತ್ತದಿದ್ದರೆ ಬಿಡಲಿ.

ಛತ್ರದ ಡ್ರೆಸ್ಸಿಂಗ್ ಕೋಣೆಯಲ್ಲಿ ಮದುಮಗಳ ಅಲಂಕಾರಕ್ಕೆ ಬಂದಿದ್ದ ರೊಸಾಲಿನ್ ತೃಷಾಳ ಹುಬ್ಬು ನೋಡಿ ಡಬ್ಬಿ ತೆರೆದಳು. "ಬಾ, ಸ್ವಲ್ಪ ಫೌಂಡೇಶನ್ ಹಾಕ್ತೇನೆ. ಹೊಲಿಗೆ ಕಾಣ್ಲಿಕ್ಕಿಲ್ಲ."

"ಬೇಡ ರೊಸಾಲಿನ್ ಬಾಯಿ" ಎಂದಳು ತೃಷಾ. "ಕಾಣ್ಲಿ."

ಮೊನ್ನೆ ಠಾಣೆಯಿಂದ ಆ ಫ್ಲೆಕ್ಸಿನ ಫೈಲು ಕೇಳಿದರು. ಫೋಟೋದಲ್ಲಿ ಇರುವುದು ಗಾಯವೋ ಬಣ್ಣವೋ ಎಂದು ಕಮಲೇಶನ ವಕೀಲರು ಕೇಳುತ್ತಾರಂತೆ. ದೀಪೇಶ್ ಕ್ಯಾಮರಾದ ಕಾರ್ಡನ್ನೂ ತಂದುಕೊಟ್ಟ, ಮುಖ ತಗ್ಗಿಸಿಕೊಂಡು. ತೃಷಾ ಸ್ಟುಡಿಯೋದಲ್ಲಿ ನನ್ನ ಪಕ್ಕ ಕೂತು ಫೈಲನ್ನು ತೆರೆದಳು. ಎಲ್ಲಕ್ಕಿಂತ ಕೆಳಗೆ ಬೀಗ ಹಾಕಿದ ಬ್ಯಾಕ್‌ಗ್ರೌಂಡ್. ಅವಳು ಅದಕ್ಕೆ ಒಮ್ಮೆಯೂ ಕೈ ಹಾಕಿರಲಿಲ್ಲ. ಅದರ ಮೇಲೆ ನುಣ್ಣನೆಯ ಕೆನ್ನೆ, ತೆರೆದ ಕಣ್ಣು, ಸರಿಯಾದ ತುಟಿ, ಎಲ್ಲ ಲೇಯರ್ ತ್ರೀ, ಲೇಯರ್ ತ್ರೀ ಕಾಪಿ.

ಈ ಸಲ ಹೆಸರು ಕೊಡು ಎಂದು ನಾನು ಹೇಳಬೇಕಾಗಲಿಲ್ಲ. ಅವಳೇ ಮೊದಲನೆಯ ಲೇಯರಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದಳು. ಹೊಸ ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದಳು: ಕಮಲೇಶ ಹೊಡೆದದ್ದನ್ನು ಮುಚ್ಚಿದ್ದು. ಆಮೇಲೆ ಅದರ ಕಣ್ಣು ಮುಚ್ಚಿ ಸೇವ್ ಮಾಡಿದಳು.